ಮನೆಯ ವರ್ಕ್‌ಶಾಪ್‌ನಲ್ಲಿ ಲೋಹ ಕತ್ತರಿಸುವುದು, ಮಿಲ್ಲಿಂಗ್ ಮಾಡುವುದು: ಒಂದು ಮೋಟರ್ ಬೇಸ್ ಪ್ಲೇಟ್ ಮಾಡುತ್ತಾ ಕಲಿಯೋಣ

ದಾವಣಗೆರೆ ಸುತ್ತಮುತ್ತ ಬೆಲ್ಟಿನ ಮೇಲೆ ಓಡುವ ಯಂತ್ರಗಳಿಗೆ ಬರವಿಲ್ಲ. ಮೆಕ್ಕೆಜೋಳ ಬಿಡಿಸುವ ಮಿಷನ್, ಚನ್ನಗಿರಿ ಕಡೆ ಅಡಿಕೆ ಸುಲಿಯುವ ಮಿಷನ್, ಓಣಿಗೊಂದು ಹಿಟ್ಟಿನ ಗಿರಣಿ. ಎಲ್ಲಕ್ಕೂ ಒಂದು ಮೋಟರ್ ಬೇಕು, ಮೋಟರಿಗೆ ಒಂದು ಬೇಸ್ ಬೇಕು. ಆ ಬೇಸಿನಲ್ಲಿ ಉದ್ದ ತೂತುಗಳಿದ್ದರೆ ಮೋಟರನ್ನು ಹಿಂದೆ ಮುಂದೆ ಸರಿಸಿ ಬೆಲ್ಟ್ ಬಿಗಿ ಮಾಡಬಹುದು. ವೆಲ್ಡಿಂಗ್ ಅಂಗಡಿಯಲ್ಲಿ ಗ್ಯಾಸ್ ಕಟರ್‌ನಿಂದ ಸುಟ್ಟು ತೆಗೆದ ತೂತಿನಲ್ಲಿ ಬೋಲ್ಟ್ ಓರೆಯಾಗಿ ಕೂರುತ್ತದೆ, ಮೋಟರ್ ಅದುರುತ್ತದೆ, ಬೆಲ್ಟ್ ಒಂದೇ ಕಡೆ ಸವೆಯುತ್ತದೆ. ಇದನ್ನು ಮನೆಯಲ್ಲೇ ಮಿಲ್ಲಿಂಗ್ ಮಾಡಿ, ಅಂದರೆ ತಿರುಗುವ ಹಲ್ಲಿನ ಕಟ್ಟರಿನಿಂದ ಲೋಹ ಕೆತ್ತಿ, ಚೊಕ್ಕಟವಾಗಿ ಮಾಡಬಹುದು.

ಇಡೀ ಬರಹದಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತು: ಜಾಬ್‌ನ, ಅಂದರೆ ನಾವು ಮಾಡುತ್ತಿರುವ ತುಂಡಿನ, ಎರಡು ಅಂಚುಗಳನ್ನು ಮೊದಲು ಸರಿ ಮಾಡಿ, ಉಳಿದ ಎಲ್ಲ ಅಳತೆಯನ್ನೂ ಅಲ್ಲಿಂದಲೇ ತೆಗೆದುಕೊಳ್ಳಿ. ದುಬಾರಿ ಮಿಷನ್ ಇಲ್ಲದ ಕೊರತೆಯನ್ನು ಇದು ಎಷ್ಟೋ ಮಟ್ಟಿಗೆ ತುಂಬಿಕೊಡುತ್ತದೆ.

ಮಾಡಬೇಕಾದ ಜಾಬ್

ಮೋಟರ್ ಮೇಲಿನ ತಗಡಿನಲ್ಲಿ ಫ್ರೇಮ್ ಸೈಜ್ ಬರೆದಿರುತ್ತದೆ. ಫ್ರೇಮ್ 80 ಎಂದಿದ್ದರೆ ಕಾಲಿನ ತೂತುಗಳ ನಡುವೆ ಅಡ್ಡಕ್ಕೆ 125 ಮಿ.ಮೀ., ಶಾಫ್ಟಿನ ಉದ್ದಕ್ಕೆ 100 ಮಿ.ಮೀ. ಅಂತರ ಇರುತ್ತದೆ. ತೂತು 10 ಮಿ.ಮೀ., ಅದಕ್ಕೆ ಹಾಕುವುದು ಎಂ8 (8 ಮಿ.ಮೀ.) ಬೋಲ್ಟ್. ಶಾಫ್ಟಿನ ಎತ್ತರ ಕಾಲಿನಿಂದ 80 ಮಿ.ಮೀ. ಫ್ರೇಮಿಗೆ ಆ ಹೆಸರು ಬಂದಿದ್ದೇ ಅದರಿಂದ. ರಿವೈಂಡ್ ಆಗಿ ಬಂದ ಹಳೇ ಮೋಟರ್ ಆದರೆ ತಗಡನ್ನು ನಂಬಬೇಡಿ, ವರ್ನಿಯರ್ ಹಿಡಿದು ಅಳೆಯಿರಿ.

ನಮ್ಮ ಪ್ಲೇಟ್ 200 × 140 ಮಿ.ಮೀ., ದಪ್ಪ 10 ಮಿ.ಮೀ. ಮುಂದಿನ ಉದ್ದ ಅಂಚನ್ನು 'ಅ' ಅನ್ನೋಣ, ಎಡಗಡೆಯ ಅಂಚನ್ನು 'ಬ'. 'ಬ' ಅಂಚಿನಿಂದ ಬಲಕ್ಕೆ ಅಳೆದರೆ ಮೊದಲ ಉದ್ದ ತೂತಿನ ಕೇಂದ್ರ 22.5ರಿಂದ 52.5ರವರೆಗೆ, ಎರಡನೆಯದು 147.5ರಿಂದ 177.5ರವರೆಗೆ. ಇದೇ ಜೋಡಿ 'ಅ' ಅಂಚಿನಿಂದ 20 ಮಿ.ಮೀ. ದೂರದಲ್ಲಿ ಒಂದು ಸಾಲು, 120 ಮಿ.ಮೀ. ದೂರದಲ್ಲಿ ಇನ್ನೊಂದು ಸಾಲು. ತೂತಿನ ಅಗಲ 9 ಮಿ.ಮೀ. 147.5ರಲ್ಲಿ 22.5 ಕಳೆದರೆ 125, 120ರಲ್ಲಿ 20 ಕಳೆದರೆ 100. ಲೆಕ್ಕ ಸರಿ ಬಂತು ಅಲ್ವಾ? ಮೋಟರ್ 30 ಮಿ.ಮೀ. ಓಡಾಡಲು ಜಾಗ ಸಿಗುತ್ತದೆ.

ಪ್ಲೇಟನ್ನು ಕೆಳಗಿನ ಫ್ರೇಮಿಗೆ ಕಟ್ಟಲು ನಾಲ್ಕು ಎಂ10 ಥ್ರೆಡ್ ತೂತುಗಳು ಬೇಕು. ಬಲಕ್ಕೆ 20 ಮತ್ತು 180, ಹಿಂದಕ್ಕೆ 40 ಮತ್ತು 100. ಇಲ್ಲಿ ನಟ್ ಬೋಲ್ಟ್ ಬದಲು ಥ್ರೆಡ್ ಯಾಕೆ ಅಂದರೆ, ಮೋಟರಿನ ಹೊಟ್ಟೆ ಪ್ಲೇಟಿಗೆ ತೀರಾ ಹತ್ತಿರ ಇರುತ್ತದೆ, ಬೋಲ್ಟಿನ ತಲೆ ಮೇಲೆ ಬಂದರೆ ಕಾಲಿಗೋ ಹೊಟ್ಟೆಗೋ ತಾಗುತ್ತದೆ. ಕೆಳಗಿನಿಂದ ಬೋಲ್ಟ್ ಬಂದು ಪ್ಲೇಟಿನೊಳಗೇ ಮುಗಿದರೆ ಆ ರಗಳೆ ಇಲ್ಲ. 10 ಮಿ.ಮೀ. ದಪ್ಪದಲ್ಲಿ ಎಂ10 ಥ್ರೆಡ್ ಅಂದರೆ ಬೋಲ್ಟಿನ ವ್ಯಾಸದಷ್ಟೇ ಹಿಡಿತ. ಮೆತ್ತನೆ ಉಕ್ಕಿಗೆ ಅದು ಸಾಕು.

ಮಿಷನ್ ಯಾವುದು ಸಾಕು, ಯಾವುದು ಸಾಲದು

ಮೊದಲು ಸಾಲದ್ದನ್ನು ಹೇಳಿಬಿಡುತ್ತೇನೆ. ಬೆಂಚ್ ಡ್ರಿಲ್ಲಿಂಗ್ ಮಿಷನ್ನಿಗೆ ಎಂಡ್ ಮಿಲ್ (ಪಕ್ಕದಲ್ಲೂ ತುದಿಯಲ್ಲೂ ಹಲ್ಲಿರುವ ಕಟ್ಟರ್) ಹಾಕಿ, ಕೆಳಗೆ ಒಂದು ಅಡ್ಡ ಉದ್ದ ಓಡಾಡುವ ವೈಸ್ ಇಟ್ಟು, "ಇದೇ ಮಿಲ್ಲಿಂಗ್" ಅನ್ನುವವರು ತುಂಬಾ ಜನ ಇದ್ದಾರೆ. ಡ್ರಿಲ್ ಮಿಷನ್ನಿನ ಚಕ್ (ಡ್ರಿಲ್ ಹಿಡಿಯುವ ದವಡೆ) ಟೇಪರ್ ಮೇಲೆ, ಅಂದರೆ ತುದಿಗೆ ಸಣ್ಣದಾಗುವ ಗೂಟದ ಮೇಲೆ, ಸುಮ್ನೆ ಒತ್ತಿ ಕೂತಿರುತ್ತದೆ. ಡ್ರಿಲ್ ಮಾಡುವಾಗ ಒತ್ತಡ ಮೇಲ್ಮುಖ, ಹಾಗಾಗಿ ಕಳಚುವುದಿಲ್ಲ. ಮಿಲ್ಲಿಂಗ್‌ನಲ್ಲಿ ಒತ್ತಡ ಪಕ್ಕದಿಂದ, ಜೊತೆಗೆ ಅದುರು. ತಿರುಗುತ್ತಿರುವಾಗಲೇ ಚಕ್ ಕಳಚಿ ಬೀಳಬಹುದು. ಅದರ ಬೇರಿಂಗ್‌ಗಳೂ ಪಕ್ಕದ ಒತ್ತಡಕ್ಕೆ ಮಾಡಿದ್ದಲ್ಲ.

ಮಿಲ್ಲಿಂಗ್ ಮಿಷನ್ನಿನಲ್ಲಿ ಸ್ಪಿಂಡಲಿನ (ಟೂಲನ್ನು ತಿರುಗಿಸುವ ದಂಡದ) ನಡುವೆ ಮೇಲಿನಿಂದ ಒಂದು ಉದ್ದ ಬೋಲ್ಟ್ ಬಂದು ಟೂಲನ್ನು ಎಳೆದು ಹಿಡಿದಿರುತ್ತದೆ. ಡ್ರಾ ಬಾರ್ ಅಂದರೆ ಅದೇ. ಅದಿರುವ ಸಣ್ಣ ಬೆಂಚ್ ಮಿಲ್ ಈ ಕೆಲಸಕ್ಕೆ ಸಾಕು. ಲೇತ್ ಇದ್ದವರು ಕ್ರಾಸ್ ಸ್ಲೈಡ್ ಮೇಲೆ ವರ್ಟಿಕಲ್ ಸ್ಲೈಡ್ ಕೂರಿಸಿ, ಚಕ್ಕಿನ ಬದಲು ಕಾಲೆಟ್‌ನಲ್ಲಿ (ಕಟ್ಟರನ್ನು ಸುತ್ತಲೂ ಬಿಗಿಯಾಗಿ ಹಿಡಿಯುವ ಸೀಳು ಬಳೆಯಲ್ಲಿ) ಕಟ್ಟರ್ ಹಿಡಿದು ಸಣ್ಣ ಜಾಬ್‌ಗಳನ್ನು ಮಾಡಿಕೊಳ್ಳಬಹುದು. ಆದರೆ 200 ಮಿ.ಮೀ. ಪ್ಲೇಟಿಗೆ ಅದು ಇಕ್ಕಟ್ಟು.

ಹಳೇ ಮಿಷನ್ ಹುಡುಕುವವರಿಗೆ ನಮ್ಮ ಭಾಗ ಒಳ್ಳೆಯ ಜಾಗ. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾಗಿ ದಶಕಗಳ ಕಾಲ ಲೇತ್‌ಗಳನ್ನು ತಯಾರಿಸಿತು. ಕಾರ್ಖಾನೆ ಮುಚ್ಚಿದರೂ ಅದರ ಲೇತ್‌ಗಳು ಇನ್ನೂ ತಿರುಗುತ್ತಿವೆ. ಮಿಲ್ಲಿಂಗ್ ಮಿಷನ್ ಅಂದರೆ ಎಚ್ಎಂಟಿ ಹೆಸರು ಬರುತ್ತದೆ. ಆದರೆ ಅದರ ಎಫ್ಎನ್2ನಂಥ ಮಿಷನ್‌ಗಳ ತೂಕ, ಗಾತ್ರ, ತ್ರೀ ಫೇಸ್ ಕರೆಂಟು ಯಾವುದೂ ಮನೆಗೆ ಹೊಂದುವುದಿಲ್ಲ. ಯಾವ ಹಳೇ ಮಿಷನ್ ನೋಡಲು ಹೋದರೂ ಒಂದು ಡಯಲ್ ಗೇಜ್ (ಕೂದಲೆಳೆಯಷ್ಟು ಕದಲಿದರೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಜೇಬಿನಲ್ಲಿರಲಿ. ಗೇಜನ್ನು ಸ್ಪಿಂಡಲಿಗೆ ತಾಗಿಸಿ ಕೈಯಿಂದ ಪಕ್ಕಕ್ಕೆ ಜಗ್ಗಿ. ಮುಳ್ಳು 0.05 ಮಿ.ಮೀ.ಗಿಂತ ಜಾಸ್ತಿ ಓಡಿದರೆ ಬೇರಿಂಗ್ ಖರ್ಚು ಕಾದಿದೆ ಅಂತ ತಿಳಿದು ರೇಟು ಮಾತಾಡಿ. ಹ್ಯಾಂಡಲಿನಲ್ಲಿ ಆಟ (ತಿರುಗಿಸಿದರೂ ಟೇಬಲ್ ಕದಲದ ಸಡಿಲ) ಇದ್ದರೆ ಗಾಬರಿ ಬೇಡ, ಅದನ್ನು ನಿಭಾಯಿಸುವ ದಾರಿ ಮುಂದೆ ಬರುತ್ತದೆ.

ಬಣ್ಣ ಹೊಸದು ಅಂತ ಮರುಳಾಗಬೇಡಿ. ಬಣ್ಣದ ಕೆಳಗೆ ಏನೇನೋ ಅಡಗಿರುತ್ತದೆ.

ಮಿಷನ್ ಕೆಳಮನೆಯಲ್ಲೇ ಇರಲಿ, ಗಟ್ಟಿ ಕಾಂಕ್ರೀಟ್ ನೆಲದ ಮೇಲೆ. ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಕಡ್ಡಾಯ. ಇನ್ನೊಂದು ವಿಷಯ ನಮ್ಮ ಕರೆಂಟಿಗೆ ಸಂಬಂಧಿಸಿದ್ದು. ಬೆಸ್ಕಾಂ ಕರೆಂಟು ಹೋಗುತ್ತದೆ, ಬರುತ್ತದೆ. ಕರೆಂಟು ಹೋದಾಗ ನೀವು ಸ್ವಿಚ್ ಆಫ್ ಮಾಡಲು ಮರೆತು ಕಟ್ಟರ್ ಬಿಚ್ಚುತ್ತಿರುತ್ತೀರಿ, ಅಷ್ಟರಲ್ಲಿ ಕರೆಂಟು ಬಂತು ಅಂದುಕೊಳ್ಳಿ. ಇದಕ್ಕೆ ಪಂಪ್‌ಸೆಟ್ಟಿಗೆ ಹಾಕುವಂಥ ಡಿಒಎಲ್ ಸ್ಟಾರ್ಟರ್ ಹಾಕಿ. ಕರೆಂಟು ಹೋದರೆ ಅದರ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಹಸಿರು ಬಟನ್ ಮತ್ತೆ ಒತ್ತದೆ ಮೋಟರ್ ತಿರುಗುವುದಿಲ್ಲ. ಹೊಲದ ಬೋರಿಗೆ ಹಾಕುವ ಆಟೋ ಸ್ವಿಚ್ಚನ್ನು ಮಾತ್ರ ಮಿಷನ್ನಿಗೆ ಯಾವತ್ತೂ ಹಾಕಬೇಡಿ.

ಮೈಮೇಲೆ ಏನಿರಬೇಕು, ಏನಿರಬಾರದು

ಕನ್ನಡಕ ಇರಲೇಬೇಕು, ಪಕ್ಕದಿಂದಲೂ ಮುಚ್ಚುವಂಥದ್ದು. ತಿರುಗುವ ಕಟ್ಟರ್ ಅಥವಾ ಡ್ರಿಲ್ ಹತ್ತಿರ ಬಟ್ಟೆಯ ಕೈಗವಸು ಬೇಡ. ನೂಲು ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಹೆಗಲ ಮೇಲಿನ ಟವಲ್, ಮಣಿಕಟ್ಟಿನ ದಾರ, ಉಂಗುರ, ತುಂಬುತೋಳಿನ ಸಡಿಲ ಅಂಗಿ, ಲುಂಗಿ ಎಲ್ಲ ಹೊರಗೆ. ಉದ್ದ ಕೂದಲನ್ನು ಕಟ್ಟಿ ಒಳಗೆ ಸೇರಿಸಿ. ಚೂರುಗಳನ್ನು ಬ್ರಷ್‌ನಿಂದ ಗುಡಿಸಿ, ಮಿಷನ್ ನಿಂತ ಮೇಲೆ. ಕೈಯಿಂದಲೂ ಬೇಡ, ಗಾಳಿ ಹೊಡೆಯುವುದೂ ಬೇಡ.

ಲೋಹ ತರುವುದು

ಸಾಮಾನ್ಯ ಎಂ.ಎಸ್. (ಮೈಲ್ಡ್ ಸ್ಟೀಲ್, ಮೆತ್ತನೆ ಉಕ್ಕು) ಪ್ಲೇಟ್ ಸಾಕು. ಅಂಗಡಿಯವರಿಗೆ ಐ.ಎಸ್. 2062 ಅಂದರೆ ಅರ್ಥವಾಗುತ್ತದೆ. ಉಕ್ಕಿನ ಸಾಂದ್ರತೆ ಘನ ಸೆಂ.ಮೀ.ಗೆ 7.85 ಗ್ರಾಂ. 20 × 14 × 1 ಸೆಂ.ಮೀ. ಅಂದರೆ 280 ಘನ ಸೆಂ.ಮೀ., ತೂಕ ಸುಮಾರು 2.2 ಕೆ.ಜಿ. ಕೆ.ಜಿ. ಲೆಕ್ಕದಲ್ಲಿ ಕೊಳ್ಳುವಾಗ ಈ ಗುಣಾಕಾರ ತಲೆಯಲ್ಲಿರಲಿ.

ಗುಜರಿಯಲ್ಲಿ ಸಿಕ್ಕಿದ ತುಂಡಾದರೆ ಮೊದಲು ಹೊಸ ಅರದಿಂದ ಒಂದು ಮೂಲೆ ಉಜ್ಜಿ ನೋಡಿ. ಅರ ಕಚ್ಚಿದರೆ ಸರಿ. ಜಾರಿದರೆ ಅದು ಹದ ಕೊಟ್ಟ ಗಟ್ಟಿ ಉಕ್ಕು. ವಾಪಸ್ ಹಾಕಿಬಿಡಿ. ಗ್ಯಾಸಿನಲ್ಲಿ ಕತ್ತರಿಸಿದ ಅಂಚಿದ್ದರೆ ಆ ಅಂಚು ಗಟ್ಟಿಯಾಗಿರುತ್ತದೆ, ಅದನ್ನು ಗ್ರೈಂಡರಿನಲ್ಲಿ ಒಂದೆರಡು ಮಿ.ಮೀ. ತೆಗೆದೇ ಮಿಲ್ಲಿಗೆ ತರಬೇಕು. ಪ್ಲೇಟಿನ ಮೇಲಿನ ಕಪ್ಪು ಪದರ ಕೂಡ ಹಾಗೆಯೇ. ಅದನ್ನು ಮೇಲಿಂದ ಮೇಲೆ ಸವರಿದರೆ ಕಟ್ಟರಿನ ಹಲ್ಲು ಮೊಂಡಾಗುತ್ತದೆ. ಮೊದಲ ಕಟ್ ಆ ಪದರದ ಕೆಳಗೆ ಇಳಿಯಬೇಕು.

ಗೆರೆ ಹಾಕುವುದು, ಕತ್ತರಿಸುವುದು

ಮಾರ್ಕಿಂಗ್ ಬ್ಲೂ ಇಲ್ಲದಿದ್ದರೆ ಪರ್ಮನೆಂಟ್ ಮಾರ್ಕರ್ ಬಳಿದರೂ ನಡೆಯುತ್ತದೆ. ಅದರ ಮೇಲೆ ಸ್ಕ್ರೈಬರಿನಿಂದ ತೆಳ್ಳಗೆ ಗೆರೆ ಎಳೆಯಿರಿ. 204 × 144 ಅಳತೆಗೆ ಗೆರೆ ಹಾಕಿ, ಅಂದರೆ ಪ್ರತಿ ಅಂಚಿನಲ್ಲೂ 2 ಮಿ.ಮೀ. ಜಾಸ್ತಿ. ತೂತುಗಳ ಗೆರೆಗಳನ್ನೂ ಈಗಲೇ ಹಾಕಿಕೊಳ್ಳಿ. ಆ ಗೆರೆಗಳು ಅಳತೆಗಲ್ಲ, ಹ್ಯಾಂಡಲ್ ಸುತ್ತು ಎಣಿಸುವಾಗ ಲೆಕ್ಕ ತಪ್ಪಿದರೆ ಕಣ್ಣಿಗೆ ಬೀಳಲಿ ಅಂತ.

ಹ್ಯಾಕ್ಸಾ ಬ್ಲೇಡಿನಲ್ಲಿ ಇಂಚಿಗೆ 18, 24, 32 ಹಲ್ಲಿನವು ಸಿಗುತ್ತವೆ. ಲೋಹದ ದಪ್ಪದಲ್ಲಿ ಯಾವಾಗಲೂ ಕನಿಷ್ಠ ಮೂರು ಹಲ್ಲು ಇರಬೇಕು, ಇಲ್ಲದಿದ್ದರೆ ಹಲ್ಲು ಸಿಕ್ಕಿ ಮುರಿಯುತ್ತದೆ. 10 ಮಿ.ಮೀ. ಪ್ಲೇಟಿಗೆ 18 ಹಲ್ಲಿನದು ಸರಿ, ಏಳು ಹಲ್ಲು ಒಳಗಿರುತ್ತವೆ. ಹಲ್ಲಿನ ಮೊನೆ ನಿಮ್ಮಿಂದ ಆಚೆ ನೋಡುತ್ತಿರಲಿ. ಮುಂದೆ ತಳ್ಳುವಾಗ ಒತ್ತಡ, ಹಿಂದೆ ಎಳೆಯುವಾಗ ಹಗುರ. ನಿಮಿಷಕ್ಕೆ 40–50 ಹೊಡೆತ ಸಾಕು. ಅವಸರ ಮಾಡಿದರೆ ಬ್ಲೇಡ್ ಬಿಸಿಯಾಗಿ ಹಲ್ಲು ಹೋಗುತ್ತದೆ.

ಬಹಳ ಜನ ಆ್ಯಂಗಲ್ ಗ್ರೈಂಡರ್ ಹಿಡಿಯುತ್ತಾರೆ. 100 ಮಿ.ಮೀ. ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅಂದರೆ ಡಿಸ್ಕಿನ ಅಂಚು ಸೆಕೆಂಡಿಗೆ 57 ಮೀಟರ್ ಓಡುತ್ತಿರುತ್ತದೆ. ಡಿಸ್ಕಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ ನಿಮ್ಮ ಗ್ರೈಂಡರಿಗಿಂತ ಜಾಸ್ತಿ ಇರಬೇಕು. ನಡುವಿನ ಲೋಹದ ಬಳೆಯ ಮೇಲೆ ಎಕ್ಸ್‌ಪೈರಿ ತಿಂಗಳು, ವರ್ಷ ಇರುತ್ತದೆ, ಅದನ್ನೂ ನೋಡಿ. ಗಾರ್ಡ್ ಬಿಚ್ಚಿ ಕೆಲಸ ಮಾಡುವ ಅಭ್ಯಾಸ ಎಲ್ಲ ಕಡೆ ಇದೆ. ಯಾರು ಎಷ್ಟೇ ಅನುಭವಿಗಳಾಗಿರಲಿ, ನೀವು ಬಿಚ್ಚಬೇಡಿ. ಕತ್ತರಿಸುವ ತೆಳು ಡಿಸ್ಕನ್ನು ಪಕ್ಕಕ್ಕೆ ತಿರುಚಬಾರದು, ಅದರ ಮುಖದಿಂದ ಉಜ್ಜಲೂಬಾರದು. ಹತ್ತಿ, ಒಣ ಮೆಕ್ಕೆಜೋಳದ ಸಿಪ್ಪೆ, ಪೇಂಟ್, ಗ್ಯಾಸ್ ಸಿಲಿಂಡರ್ ಕಿಡಿಯ ದಾರಿಯಲ್ಲಿ ಇರಬಾರದು.

ಗ್ರೈಂಡರ್ ಕೆಲಸ ಹೊರಗೆ ಅಂಗಳದಲ್ಲೇ ಮಾಡಿ, ಮಿಲ್ ಇರುವ ಕೋಣೆಯಲ್ಲಿ ಬೇಡ. ಆ ಧೂಳಿನಲ್ಲಿ ಡಿಸ್ಕಿನ ಪುಡಿ ಇರುತ್ತದೆ. ಮಿಲ್ಲಿನ ಸ್ಲೈಡ್‌ಗಳ ಎಣ್ಣೆಯಲ್ಲಿ ಕೂತರೆ ಉಪ್ಪುಕಾಗದದಂತೆ ಸ್ಲೈಡನ್ನು ತಿನ್ನುತ್ತದೆ. ಮಧ್ಯಾಹ್ನ ಊಟ ಮಾಡಿ ಮಲಗುವ ಹೊತ್ತಿನಲ್ಲಿ ಗ್ರೈಂಡರ್ ಹಚ್ಚಿದರೆ ಅಕ್ಕಪಕ್ಕದವರು ಏನು ಅನ್ನುತ್ತಾರೆ ಅನ್ನುವುದು ನಿಮಗೇ ಗೊತ್ತು.

ಮಿಷನ್ ನೇರ ಇದೆಯಾ ನೋಡುವುದು

ಈ ಹಂತ ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಡಯಲ್ ಗೇಜನ್ನು ಸ್ಪಿಂಡಲಿಗೆ ಕಟ್ಟಿ, ಅದರ ಮೊನೆ ಟೇಬಲಿಗೆ ತಾಗುವಂತೆ ಮಾಡಿ. ಪ್ಲಗ್ ಕಿತ್ತಿಟ್ಟು, ಸ್ಪಿಂಡಲನ್ನು ಕೈಯಿಂದ ತಿರುಗಿಸುತ್ತಾ ಎಡ, ಬಲ, ಹಿಂದೆ, ಮುಂದೆ ನಾಲ್ಕು ಕಡೆ ಓದಿ. ಟಿ-ಸ್ಲಾಟ್ (ಟೇಬಲಿನ ಮೇಲಿನ ಉದ್ದ ತೋಡು) ಬಂದಾಗ ಗೇಜಿನ ಮೊನೆಯನ್ನು ಎತ್ತಿ ದಾಟಿಸಿ. 200 ಮಿ.ಮೀ. ವೃತ್ತದಲ್ಲಿ ವ್ಯತ್ಯಾಸ 0.03 ಮಿ.ಮೀ. ಒಳಗೆ ಇದ್ದರೆ ನಮ್ಮ ಕೆಲಸಕ್ಕೆ ಬೇಕಾದಷ್ಟಾಯಿತು. ಇಲ್ಲದಿದ್ದರೆ ತಲೆಯ ಬೋಲ್ಟ್ ಸಡಿಲಿಸಿ, ಮೆಲ್ಲಗೆ ತಟ್ಟಿ ಸರಿ ಮಾಡಿ, ಬಿಗಿ ಮಾಡಿದ ಮೇಲೆ ಮತ್ತೆ ಓದಿ. ಬಿಗಿ ಮಾಡುವಾಗಲೇ ಅದು ಕದಲುವುದು.

ಹಿಡಿಯುವುದು: ಅರ್ಧ ಕೆಲಸ ಇದೇ

ಸಣ್ಣ ಮಿಲ್ಲಿನ ವೈಸ್ 140 ಮಿ.ಮೀ. ಬಾಯಿ ತೆರೆಯುವುದಿಲ್ಲ. ಪ್ಲೇಟನ್ನು ವೈಸಿನಲ್ಲಿ ನಿಲ್ಲಿಸಿ ಅಂಚು ಮಿಲ್ ಮಾಡಲು ಹೋದರೆ ಮೇಲೆ ಚಾಚಿದ ಭಾಗ ಕಿರುಚುತ್ತದೆ, ಮುಖದ ಮೇಲೆ ಅಲೆ ಅಲೆ ಬೀಳುತ್ತದೆ. ಹಾಗಾಗಿ ವೈಸನ್ನೇ ಬಿಚ್ಚಿಟ್ಟುಬಿಡಿ. ಟೇಬಲಿನ ಮೇಲೆ 12–18 ಮಿ.ಮೀ. ಎಂಡಿಎಫ್ ಹಲಗೆ, ಅದರ ಮೇಲೆ ಪ್ಲೇಟ್, ಅದನ್ನು ಕ್ಲ್ಯಾಂಪ್ ಪಟ್ಟಿಗಳಿಂದ ಒತ್ತಿ ಹಿಡಿಯಿರಿ. ಹಲಗೆ ಬಲಿ ಕೊಡಲಿಕ್ಕೇ ಇರುವುದು, ಕಟ್ಟರ್ ಅದರೊಳಗೆ ಒಂದು ಮಿ.ಮೀ. ಇಳಿದರೂ ಟೇಬಲ್ ಉಳಿಯುತ್ತದೆ.

ಕ್ಲ್ಯಾಂಪ್ ಹಾಕುವುದರಲ್ಲಿ ಎರಡು ಗುಟ್ಟು ಇದೆ. ಬೋಲ್ಟ್ ಯಾವಾಗಲೂ ಜಾಬ್‌ಗೆ ಹತ್ತಿರ ಇರಲಿ, ಹಿಂದಿನ ಆಸರೆಗೆ ದೂರ ಇರಲಿ. ಬೋಲ್ಟಿನ ಬಲ ಹತ್ತಿರ ಇದ್ದವರಿಗೇ ಜಾಸ್ತಿ ಸಿಗುತ್ತದೆ. ಹಿಂದಿನ ಆಸರೆ ಜಾಬ್‌ಗಿಂತ ಕೂದಲೆಳೆಯಷ್ಟು ಎತ್ತರ ಇರಲಿ, ಆಗ ಪಟ್ಟಿಯ ಮೂತಿ ಜಾಬ್ ಮೇಲೆ ಒತ್ತುತ್ತದೆ. ಉಲ್ಟಾ ಆದರೆ ಪಟ್ಟಿ ಆಸರೆಯನ್ನು ಭದ್ರವಾಗಿ ಹಿಡಿದಿರುತ್ತದೆ, ಜಾಬ್ ಜಾರಿ ಹೋಗುತ್ತದೆ.

ಶುರುವಿನಲ್ಲಿ ಒಂದು ಕ್ಲ್ಯಾಂಪ್ ಹಿಂದಿನ ಅಂಚಿನ ನಡುಮಧ್ಯದಿಂದ, ಇನ್ನೊಂದು ಬಲಗಡೆಯಿಂದ. 'ಅ' ಮತ್ತು 'ಬ' ಎರಡೂ ಅಂಚುಗಳು ತೆರೆದಿರಬೇಕು. ಈ ಎರಡನ್ನೂ ಒಂದೇ ಹಿಡಿತದಲ್ಲಿ ಮಿಲ್ ಮಾಡುವುದು ಇಡೀ ಕೆಲಸದ ಜೀವ. ಪ್ಲೇಟ್ ಬಿಚ್ಚಿ ತಿರುಗಿಸಿ ಕಟ್ಟಿದರೆ ಮೂಲೆ 90 ಡಿಗ್ರಿ ಬರುವುದು ನಿಮ್ಮ ಮೂಲೆಮಟ್ಟದ (ಟ್ರೈ ಸ್ಕ್ವೇರ್) ಮೇಲೆ ನಿಂತಿರುತ್ತದೆ. ಬಿಚ್ಚದೆ ಮಾಡಿದರೆ ಮಿಷನ್ನಿನ ಎರಡು ಸ್ಲೈಡ್‌ಗಳ ನಡುವಿನ 90 ಡಿಗ್ರಿಯೇ ಪ್ಲೇಟಿಗೆ ಇಳಿಯುತ್ತದೆ. ಹಿಂದೆ ಮುಂದೆ ಟೇಬಲ್ ಓಟ 150 ಮಿ.ಮೀ.ಗಿಂತ ಕಡಿಮೆ ಇದ್ದರೆ ಮಾತ್ರ ತಿರುಗಿಸಿ ಕಟ್ಟುವ ಗತಿ. ಆಗ 'ಅ' ಅಂಚಿಗೆ ಡಯಲ್ ಗೇಜ್ ಓಡಿಸಿ ನೇರ ಮಾಡಿಕೊಳ್ಳಿ.

ವೇಗದ ಲೆಕ್ಕ

ಸೂತ್ರ ಸುಲಭ. ಲೋಹದ ಕಟಿಂಗ್ ಸ್ಪೀಡನ್ನು, ಅಂದರೆ ನಿಮಿಷಕ್ಕೆ ಎಷ್ಟು ಮೀಟರ್ ಅನ್ನುವುದನ್ನು, 318ರಿಂದ ಗುಣಿಸಿ ಕಟ್ಟರಿನ ವ್ಯಾಸದಿಂದ ಭಾಗಿಸಿ. ಎಚ್ಎಸ್ಎಸ್ (ಹೈ ಸ್ಪೀಡ್ ಸ್ಟೀಲ್) ಕಟ್ಟರಿಗೆ ಎಂ.ಎಸ್. ಆದರೆ 25 ಮೀಟರ್, ಬೀಡು (ಕಾಸ್ಟ್ ಐರನ್) ಆದರೆ 20, ಸ್ಟೇನ್‌ಲೆಸ್ ಆದರೆ 15, ಅಲ್ಯೂಮಿನಿಯಂ ಆದರೆ 80ರ ಆಸುಪಾಸು. 8 ಮಿ.ಮೀ. ಕಟ್ಟರ್, ಎಂ.ಎಸ್.: 318 × 25 ÷ 8, ಸುಮಾರು 1000 ಆರ್‌ಪಿಎಂ. ಮನೆಯ ಹಗುರ ಮಿಷನ್ನಿನಲ್ಲಿ 800ರಿಂದ ಶುರು ಮಾಡಿ. 10 ಮಿ.ಮೀ. ಕಟ್ಟರಿಗೆ ಇದೇ ಲೆಕ್ಕ 795 ಬರುತ್ತದೆ, 650 ಇಟ್ಟುಕೊಳ್ಳಿ.

ಫೀಡ್ ಅಂದರೆ ಪ್ರತಿ ಹಲ್ಲು ಎಷ್ಟು ಕಚ್ಚಬೇಕು ಅನ್ನುವುದು. ಹಲ್ಲಿಗೆ 0.03 ಮಿ.ಮೀ. ಇಟ್ಟುಕೊಂಡರೆ, ಎರಡು ಹಲ್ಲು, 800 ಸುತ್ತು, ನಿಮಿಷಕ್ಕೆ 48 ಮಿ.ಮೀ. ಹೆದರಿ ತೀರಾ ನಿಧಾನ ಓಡಿಸಿದರೆ ಹಲ್ಲು ಕಚ್ಚದೆ ಉಜ್ಜುತ್ತದೆ, ಉಜ್ಜಿದರೆ ಮೊಂಡಾಗುತ್ತದೆ. ಹೊಸಬರು ಕಟ್ಟರ್ ಹಾಳು ಮಾಡುವುದು ಅವಸರದಿಂದ ಎಷ್ಟೋ ಅಷ್ಟೇ ಈ ಹೆದರಿಕೆಯಿಂದ.

ಬೀಳುವ ಚೂರನ್ನು ನೋಡುತ್ತಿರಿ. ಬೆಳ್ಳಗೆ ಅಥವಾ ತಿಳಿ ಹುಲ್ಲಿನ ಬಣ್ಣದ ಸಣ್ಣ ಸುರುಳಿಗಳು ಬಂದರೆ ಎಲ್ಲ ಸರಿ. ನೀಲಿ ಬಂದರೆ ಎಚ್ಎಸ್ಎಸ್ ಕಟ್ಟರಿಗೆ ಬಿಸಿ ಜಾಸ್ತಿಯಾಗಿದೆ, ವೇಗ ಇಳಿಸಿ. ಪುಡಿ ಬಂದರೆ ಫೀಡ್ ಸಾಲದು.

ಬ್ರಷ್‌ನಿಂದ ಕಟಿಂಗ್ ಆಯಿಲ್ ಹಚ್ಚುತ್ತಿದ್ದರೆ ಈ ಜಾಬ್‌ಗೆ ಸಾಕು. ಹಾಲಿನಂಥ ಕೂಲೆಂಟ್ ನೀರು ಸುರಿದರೆ ಎಂಡಿಎಫ್ ಹಲಗೆ ಉಬ್ಬುತ್ತದೆ. ಬೇರೆ ಜಾಬ್‌ಗೆ ಆ ಕೂಲೆಂಟ್ ಕಲಸುವುದಾದರೆ ನೀರಿಗೆ ಎಣ್ಣೆ ಹಾಕಿ, ಎಣ್ಣೆಗೆ ನೀರಲ್ಲ. ಒಂದು ಭಾಗ ಎಣ್ಣೆಗೆ ಇಪ್ಪತ್ತು ಭಾಗ ನೀರು.

ಅಂಚುಗಳು

10 ಮಿ.ಮೀ.ನ ನಾಲ್ಕು ಹಲ್ಲಿನ ಎಂಡ್ ಮಿಲ್ಲನ್ನು ಕಾಲೆಟ್‌ನಲ್ಲಿ ಹಿಡಿಯಿರಿ. ಡ್ರಿಲ್ ಚಕ್ಕಿನಲ್ಲಿ ಬೇಡ, ಜಾರಿ ಕೆಳಗಿಳಿಯುತ್ತದೆ. ಕಾಲೆಟ್ ಮತ್ತು ಕಟ್ಟರ್ ಎರಡನ್ನೂ ಎಣ್ಣೆ ಇಲ್ಲದಂತೆ ಒರೆಸಿ.

ಕಟ್ಟರಿನ ಪಕ್ಕದಿಂದ, ಪೂರ್ತಿ 10 ಮಿ.ಮೀ. ದಪ್ಪಕ್ಕೆ, ಸಲಕ್ಕೆ ಅರ್ಧ ಮಿ.ಮೀ.ನಂತೆ ತೆಗೆಯಿರಿ. ಕೊನೆಯ ಕಟ್ 0.1–0.2. ಯಾವ ದಿಕ್ಕಿನಿಂದ ಅನ್ನುವುದು ಮುಖ್ಯ. ಲೀಡ್ ಸ್ಕ್ರೂನಲ್ಲಿ (ಟೇಬಲ್ ಓಡಿಸುವ ಸ್ಕ್ರೂನಲ್ಲಿ) ಆಟ ಇರುವ ಮಿಷನ್ನಿನಲ್ಲಿ ಕ್ಲೈಂಬ್ ಮಿಲ್ಲಿಂಗ್ ಮಾಡಿದರೆ, ಅಂದರೆ ಹಲ್ಲು ತಿರುಗುವ ದಿಕ್ಕಿಗೇ ಜಾಬ್ ಓಡಿಸಿದರೆ, ಕಟ್ಟರ್ ಟೇಬಲನ್ನೇ ತನ್ನ ಕಡೆ ಎಳೆದುಕೊಂಡು ಜಿಗಿಯುತ್ತದೆ. ಹಲ್ಲು ಮುರಿಯುವುದು ಹೀಗೆಯೇ. ಹಾಗಾಗಿ ಕನ್ವೆನ್ಷನಲ್ ದಿಕ್ಕು, ಅಂದರೆ ಹಲ್ಲಿಗೆ ಎದುರಾಗಿ ಜಾಬ್ ಓಡಿಸುವುದು. ಮೇಲಿನಿಂದ ನೋಡಿದರೆ ಕಟ್ಟರ್ ಪ್ಲೇಟಿನ ಸುತ್ತ ಗಡಿಯಾರದ ವಿರುದ್ಧ ದಿಕ್ಕಿಗೆ ಹೋಗಬೇಕು. ನಿಜವಾಗಿ ಓಡುವುದು ಟೇಬಲ್ ಅಲ್ವಾ, ಆದ್ದರಿಂದ ಮುಂದಿನ 'ಅ' ಅಂಚಿಗೆ ಟೇಬಲನ್ನು ಬಲದಿಂದ ಎಡಕ್ಕೆ ಓಡಿಸಿ. ಎಡಗಡೆಯ 'ಬ' ಅಂಚಿಗೆ ಟೇಬಲನ್ನು ನಿಮ್ಮಿಂದ ಆಚೆ ತಳ್ಳಿ. ಓಡಿಸದ ಸ್ಲೈಡಿನ ಲಾಕನ್ನು ಪ್ರತಿ ಸಲ ಬಿಗಿ ಮಾಡಿ.

ಉಳಿದ ಎರಡು ಅಂಚುಗಳಿಗೆ ಮಿಲ್ಲಿಂಗ್ ಬೇಕೇ ಇಲ್ಲ. ಅಲ್ಲಿಂದ ಯಾವ ಅಳತೆಯೂ ಶುರುವಾಗುವುದಿಲ್ಲ. ಗ್ರೈಂಡರ್ ಮತ್ತು ಅರ ಸಾಕು. ನಾಲ್ಕೂ ಅಂಚು ಮಿರಮಿರ ಮಿಂಚಲಿ ಅನ್ನುವುದು ಆಸೆ ಅಷ್ಟೇ, ಮೋಟರಿಗೆ ಅದರ ಹಂಗಿಲ್ಲ.

ಸೊನ್ನೆ ಹಿಡಿಯುವುದು

ಈಗ ಮಿಷನ್ನಿಗೆ ಮೂಲೆ ಎಲ್ಲಿದೆ ಅಂತ ಹೇಳಿಕೊಡಬೇಕು. 10 ಮಿ.ಮೀ. ಎಡ್ಜ್ ಫೈಂಡರ್ (ಸ್ಪಿಂಡಲಿಗೆ ಹಾಕಿ ಅಂಚು ಹುಡುಕುವ ಸಾಧನ) ಇದ್ದರೆ 600–800 ಆರ್‌ಪಿಎಂನಲ್ಲಿ ತಿರುಗಿಸಿ ಮೆಲ್ಲಗೆ ಅಂಚಿಗೆ ತನ್ನಿ. ಅದರ ತುದಿ ತಟ್ಟನೆ ಪಕ್ಕಕ್ಕೆ ಜಾರಿದ ಕ್ಷಣ ಸ್ಪಿಂಡಲಿನ ಕೇಂದ್ರ ಅಂಚಿನಿಂದ ಸರಿಯಾಗಿ 5 ಮಿ.ಮೀ. ದೂರದಲ್ಲಿರುತ್ತದೆ. ಸ್ಪಿಂಡಲ್ ಮೇಲೆತ್ತಿ, 5 ಮಿ.ಮೀ. ಒಳಗೆ ಸರಿಸಿ, ಡಯಲನ್ನು ಸೊನ್ನೆಗೆ ತಿರುಗಿಸಿ. ಎರಡೂ ಅಂಚಿಗೆ ಹೀಗೆ.

ಎಡ್ಜ್ ಫೈಂಡರ್ ಇಲ್ಲವಾ? ಕಾಲೆಟ್‌ನಲ್ಲಿ 10 ಮಿ.ಮೀ. ಡೋವೆಲ್ ಪಿನ್ (ನುಣುಪಾದ ದುಂಡು ಉಕ್ಕಿನ ಗೂಟ) ಹಿಡಿಯಿರಿ, ಮಿಷನ್ ಆಫ್ ಇರಲಿ. ಪಿನ್ನಿಗೂ ಅಂಚಿಗೂ ನಡುವೆ ಒಂದು ಕಾಗದದ ಪಟ್ಟಿ ಇಟ್ಟು ಎಳೆಯುತ್ತಾ ಟೇಬಲ್ ತನ್ನಿ. ಕಾಗದ ಹಿಡಿದುಕೊಂಡಾಗ ದೂರ 5 ಮಿ.ಮೀ. ಜೊತೆಗೆ ಕಾಗದದ ದಪ್ಪ. ಬರೆಯುವ ಕಾಗದ ಸುಮಾರು 0.1 ಮಿ.ಮೀ. ಇರುತ್ತದೆ.

ಹ್ಯಾಂಡಲಿನ ಆಟದ ವಿಷಯ ಈಗ. ಯಾವ ಅಳತೆಗೆ ಹೋಗುವಾಗಲೂ ಒಂದೇ ಕಡೆಯಿಂದ ಹೋಗಿ. ದಾಟಿಬಿಟ್ಟರೆ ಅರ್ಧ ಸುತ್ತು ಹಿಂದೆ ಬಂದು ಮತ್ತೆ ಅದೇ ಕಡೆಯಿಂದ ಬನ್ನಿ. ಇಷ್ಟು ಮಾಡಿದರೆ ಎಷ್ಟೇ ಆಟ ಇದ್ದರೂ ಅಳತೆಗೆ ತೊಂದರೆ ಇಲ್ಲ. ಅಂಚು ಹುಡುಕುವಾಗಲೂ ಅದೇ ದಿಕ್ಕು ಇರಲಿ.

ಸುತ್ತಿಗೆ 2 ಮಿ.ಮೀ. ಓಡುವ ಹ್ಯಾಂಡಲ್ ಆದರೆ 22.5ಕ್ಕೆ 11 ಸುತ್ತು ಮತ್ತು 0.5. 147.5ಕ್ಕೆ 73 ಸುತ್ತು ಮತ್ತು 1.5. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಲೆಕ್ಕ ಹೋಯಿತು! ಆಗ ಮೊದಲೇ ಹಾಕಿದ ಗೆರೆಗಳು ನೆರವಿಗೆ ಬರುತ್ತವೆ. ಡಿಜಿಟಲ್ ಸ್ಕೇಲ್ ಕೂರಿಸಿಕೊಂಡರೆ ಈ ತಲೆನೋವೇ ಇಲ್ಲ. ಹೊಸ ಕಟ್ಟರ್ ಸೆಟ್ಟಿಗಿಂತ ಮೊದಲು ನಾನು ಅದನ್ನೇ ಕೊಳ್ಳಿ ಅನ್ನುತ್ತೇನೆ.

ತೂತು, ಥ್ರೆಡ್, ಉದ್ದ ತೂತು

ಈಗ ಕ್ಲ್ಯಾಂಪ್ ಬದಲಿಸಬೇಕು. ಬಲಗಡೆಯದು ತೂತುಗಳಿಗೆ ಅಡ್ಡ. ಮೊದಲು 'ಅ' ಅಂಚಿನ ನಡುಮಧ್ಯದಿಂದ ಹೊಸ ಕ್ಲ್ಯಾಂಪ್ ಹಾಕಿ ಬಿಗಿ ಮಾಡಿ, ಆಮೇಲೆ ಬಲಗಡೆಯದನ್ನು ಬಿಚ್ಚಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಸೊನ್ನೆ ಹೋಗುತ್ತದೆ. ಬದಲಿಸಿದ ಮೇಲೆ 'ಬ' ಅಂಚನ್ನು ಇನ್ನೊಮ್ಮೆ ಮುಟ್ಟಿ ನೋಡಿದರೆ ಮನಸ್ಸಿಗೆ ನೆಮ್ಮದಿ.

ಎಂ10 ತೂತುಗಳಿಗೆ ಮೊದಲು ಸೆಂಟರ್ ಡ್ರಿಲ್, ಆಮೇಲೆ 8.5 ಮಿ.ಮೀ. ಡ್ರಿಲ್. ಎಂ10ರ ಪಿಚ್ (ಎರಡು ಥ್ರೆಡ್‌ಗಳ ನಡುವಿನ ದೂರ) 1.5, ವ್ಯಾಸದಿಂದ ಪಿಚ್ ಕಳೆದರೆ ಡ್ರಿಲ್ ಸೈಜ್ ಬರುತ್ತದೆ. ಎಂ8ಕ್ಕೆ 6.8, ಎಂ6ಕ್ಕೆ 5, ಎಂ5ಕ್ಕೆ 4.2. ಡ್ರಿಲ್ ಆಚೆ ಹೊರಬೀಳುವಾಗ ಕೈ ಹಗುರ ಮಾಡಿ, ಕಚ್ಚಿಕೊಳ್ಳುವುದು ಅಲ್ಲೇ.

ಡ್ರಿಲ್ ಮಾಡಿದ ಜಾಗದಿಂದ ಟೇಬಲ್ ಕದಲಿಸದೆ ಅಲ್ಲೇ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಟೂಲ್) ಶುರು ಮಾಡಿ. ಸ್ಪಿಂಡಲಿನಲ್ಲಿ ಮೊನೆಯಿರುವ ಸೆಂಟರ್ ಹಿಡಿದು, ಟ್ಯಾಪಿನ ಹಿಂಬದಿಯ ಕುಳಿಗೆ ಹಗುರಾಗಿ ಒತ್ತಿದರೆ ಟ್ಯಾಪ್ ಓರೆಯಾಗಲು ಸಾಧ್ಯವೇ ಇಲ್ಲ. ತಿರುಗಿಸುವುದು ಕೈಯಿಂದಲೇ, ಮಿಷನ್ ಆಫ್. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಎಣ್ಣೆ ಧಾರಾಳ. ಆರಪಾರ ತೂತಾದ್ದರಿಂದ ಮೂರು ಟ್ಯಾಪಿನ ಸೆಟ್ಟಿನಲ್ಲಿ ಮೊದಲನೆಯದು ಮತ್ತು ಎರಡನೆಯದು ಸಾಕು.

ಉದ್ದ ತೂತಿಗೆ 8 ಮಿ.ಮೀ.ನ ಎರಡು ಹಲ್ಲಿನ ಎಂಡ್ ಮಿಲ್ ತೆಗೆದುಕೊಳ್ಳಿ. ಇಕ್ಕಟ್ಟಾದ ತೋಡಿನೊಳಗೆ ನಾಲ್ಕು ಹಲ್ಲಿನದು ಹೋದರೆ ಚೂರಿಗೆ ಹೊರಬರಲು ಜಾಗ ಸಾಲದು. ಎರಡೂ ತುದಿಯಲ್ಲಿ ಮೊದಲು 8 ಮಿ.ಮೀ. ಡ್ರಿಲ್ ಹೊಡೆದುಕೊಳ್ಳಿ, ಕಟ್ಟರಿಗೆ ಇಳಿಯುವ ಕಷ್ಟ ತಪ್ಪುತ್ತದೆ. ಆಮೇಲೆ ಸಲಕ್ಕೆ 1 ಮಿ.ಮೀ. ಆಳ ಇಳಿಸುತ್ತಾ ಆ ತುದಿಯಿಂದ ಈ ತುದಿಗೆ ಓಡಿಸಿ. ಹತ್ತು ಓಟದಲ್ಲಿ ಆರಪಾರ. ಪ್ರತಿ ಓಟಕ್ಕೂ ಚೂರು ಗುಡಿಸಿ ತೆಗೆಯಿರಿ. ಹಳೆ ಚೂರನ್ನು ಮತ್ತೆ ಕತ್ತರಿಸಿದರೆ ಕಟ್ಟರ್ ಬೇಗ ಹೋಗುತ್ತದೆ.

8 ಮಿ.ಮೀ. ಕಟ್ಟರಿನಿಂದ 9 ಮಿ.ಮೀ. ತೂತು ಯಾಕೆ? ತೋಡಿನಲ್ಲಿ ಪೂರ್ತಿ ಅಗಲ ತಿನ್ನುವ ಕಟ್ಟರ್ ಒಂದು ಪಕ್ಕಕ್ಕೆ ಬಾಗುತ್ತದೆ, ಗೋಡೆ ಒರಟಾಗುತ್ತದೆ. ಎರಡೂ ಕಡೆ ಅರ್ಧರ್ಧ ಮಿ.ಮೀ. ಬಿಟ್ಟುಕೊಂಡು ಕೊನೆಗೆ ಗೋಡೆಗಳನ್ನು ಸವರಿದರೆ ನೇರವೂ ಆಗುತ್ತದೆ, ನುಣುಪೂ ಆಗುತ್ತದೆ. ಒಳಗಿನ ಗೋಡೆ ಸವರುವಾಗ ದಿಕ್ಕು ಉಲ್ಟಾ, ಕಟ್ಟರ್ ತೂತಿನೊಳಗೆ ಗಡಿಯಾರದ ದಿಕ್ಕಿಗೇ ಸುತ್ತಬೇಕು.

ಅದುರು ಬಂದು ಕಿರುಚಿದರೆ ಮೊದಲು ವೇಗ ಇಳಿಸಿ. ನಿಲ್ಲದಿದ್ದರೆ ಕಟ್ಟರ್ ಕಾಲೆಟ್‌ನಿಂದ ಎಷ್ಟು ಹೊರಗೆ ಚಾಚಿದೆ ನೋಡಿ, ಕಡಿಮೆ ಮಾಡಿ. ಆಮೇಲೆ ಲಾಕ್‌ಗಳು, ಕ್ಲ್ಯಾಂಪ್‌ಗಳು. ಆಳ ಕಡಿಮೆ ಮಾಡುವುದು ಕೊನೆಯ ಉಪಾಯ.

ಬೇರೆ ಲೋಹವಾದರೆ

ಅಲ್ಯೂಮಿನಿಯಂನಲ್ಲಿ ಪಾತ್ರೆ, ತಗಡಿನ ಮೆತ್ತನೆ ಜಾತಿ ಕಟ್ಟರಿಗೆ ಮೆತ್ತಿಕೊಳ್ಳುತ್ತದೆ. ಎಚ್.ಇ.30 ಅಂತ ಕೇಳಿ ತನ್ನಿ, ಗರಿಗರಿಯಾಗಿ ಕತ್ತರಿಸುತ್ತದೆ. ಸೀಮೆಎಣ್ಣೆ ಹಚ್ಚುವ ರೂಢಿ ಇದೆ. ಕೆಲಸ ಮಾಡುತ್ತದೆ, ಬೆಂಕಿಯಿಂದ ದೂರವಿರಲಿ. ಬೀಡಿಗೆ ಎಣ್ಣೆ ಬೇಡ, ಒಣಗಿದ್ದಾಗಲೇ ಮಾಡಿ. ಕರಿ ಪುಡಿ ಸ್ಲೈಡಿಗೆ ಹೋಗದಂತೆ ಬಟ್ಟೆ ಮುಚ್ಚಿ, ಮಾಸ್ಕ್ ಹಾಕಿ. ಸ್ಟೇನ್‌ಲೆಸ್ ಮೇಲೆ ಕಟ್ಟರ್ ನಿಂತಲ್ಲೇ ಉಜ್ಜಿದರೆ ಆ ಜಾಗ ಗಟ್ಟಿಯಾಗಿ ಆಮೇಲೆ ಕಚ್ಚುವುದೇ ಇಲ್ಲ. ನಿಲ್ಲಿಸದೆ ಒಂದೇ ಫೀಡಿನಲ್ಲಿ ಹೋಗಿ.

ಇವನ್ನೆಲ್ಲ ಯಾರಾದರೂ ಪಕ್ಕದಲ್ಲಿ ನಿಂತು ತೋರಿಸಿದರೆ ಬೇಗ ಕೈಗೆ ಹತ್ತುತ್ತದೆ. ಕ್ರಮವಾಗಿ ಕಲಿಯುವ ಮನಸ್ಸಿದ್ದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಹರಿಹರದಲ್ಲೇ ಇದೆ.

ಕೂರಿಸುವುದು

ಎಲ್ಲ ಅಂಚು, ತೂತುಗಳ ಬರ್ ಅನ್ನು (ಅಂಚಿನಲ್ಲಿ ಎದ್ದ ಚೂಪು ಲೋಹವನ್ನು) ಅರದಿಂದ, ಕೌಂಟರ್‌ಸಿಂಕ್‌ನಿಂದ ತೆಗೆಯಿರಿ. ಕೆಳಮುಖ, ಅಂಚುಗಳಿಗೆ ರೆಡ್ ಆಕ್ಸೈಡ್ ಬಳಿಯಿರಿ. ಮೋಟರ್ ಕಾಲು ಕೂರುವ ಜಾಗಕ್ಕೆ ಬಣ್ಣ ಬೇಡ, ಎಣ್ಣೆ ಸವರಿದರೆ ಸಾಕು. ಮೋಟರ್ ಇಟ್ಟು ಮೂರು ಬೋಲ್ಟ್ ಬಿಗಿ ಮಾಡಿ, ನಾಲ್ಕನೇ ಕಾಲಿನ ಕೆಳಗೆ 0.05 ಮಿ.ಮೀ.ನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಹೋದರೆ ಸಂದು ಎಷ್ಟಿದೆಯೋ ಅಷ್ಟೇ ದಪ್ಪದ ಶಿಮ್ (ತೆಳು ತಗಡು) ಹಾಕಿ. ಹಾಗೇ ಬಿಗಿ ಮಾಡಿದರೆ ಮೋಟರಿನ ಬಾಡಿ ತಿರುಚಿಕೊಂಡು ಬೇರಿಂಗ್ ಬೇಗ ಹೋಗುತ್ತದೆ. ಎಂ10 ಬೋಲ್ಟ್ ಪ್ಲೇಟಿನ ಮೇಲೆ ಇಣುಕಬಾರದು, ಫ್ರೇಮಿನ ದಪ್ಪ ಮತ್ತು ವಾಷರ್ ಲೆಕ್ಕ ಹಾಕಿ ಉದ್ದ ಆರಿಸಿ.

ಎರಡೂ ಪುಲ್ಲಿಗಳ ಮುಖಕ್ಕೆ ಒಂದು ದಾರ ಹಿಡಿದು ಎಳೆಯಿರಿ. ದಾರ ನಾಲ್ಕು ಜಾಗದಲ್ಲಿ ತಾಗಿದರೆ ಸಾಲು ಸರಿ ಇದೆ. ಬಿಗಿ ನೋಡಲು ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿ. ಎರಡು ಪುಲ್ಲಿಗಳ ನಡುವೆ 500 ಮಿ.ಮೀ. ಇದ್ದರೆ ಸುಮಾರು 8 ಮಿ.ಮೀ. ಬಾಗಬೇಕು, ಅಂದರೆ 100ಕ್ಕೆ 1.6ರ ಲೆಕ್ಕ. ಹೊಸ ಬೆಲ್ಟ್ ಮೊದಲ ದಿನದ ಓಟದಲ್ಲೇ ಸ್ವಲ್ಪ ಸಡಿಲವಾಗುತ್ತದೆ. ಸಂಜೆ ಪ್ಲಗ್ ಕಿತ್ತು, ಎಂ8 ನಟ್‌ಗಳನ್ನು ಸಡಿಲಿಸಿ, ಮೋಟರನ್ನು ಸ್ವಲ್ಪ ಹಿಂದಕ್ಕೆ ಎಳೆದು ಮತ್ತೆ ಬಿಗಿ ಮಾಡಿ.